ಗೆಳೆಯನ ಜೊತೆ ಅರ್ಧರ್ಧ ಪಾಲಿನ ದೋಣಿ: 5 ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಇದು ದೋಣಿಯ ವಿಮರ್ಶೆ ಅಲ್ಲ. ಒಂದು ದೋಣಿಗೆ ಇಬ್ಬರು ಮಾಲೀಕರಾಗುವುದರ ವಿಮರ್ಶೆ. ದೋಣಿ ಬಗ್ಗೆ ನನಗೆ ದೂರೇನಿಲ್ಲ. 17 ಅಡಿಯ ಫೈಬರ್‌ಗ್ಲಾಸ್ ದೋಣಿ, ಹಿಂದೆ 60 ಎಚ್‌ಪಿಯ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್, ಎಳೆದುಕೊಂಡು ಹೋಗಲು ಟ್ರೇಲರ್. ಎಲ್ಲ ಸೆಕೆಂಡ್ ಹ್ಯಾಂಡ್.

ಪಾಲು ಯಾಕೆ ಅಂದರೆ, ದೋಣಿ ನೀರಿಗಿಳಿದರೂ ಇಳಿಯದಿದ್ದರೂ ನಿಲ್ಲಿಸುವ ಜಾಗದ ಬಾಡಿಗೆ, ವಿಮೆ, ವರ್ಷದ ಸರ್ವೀಸು ಯಾವುದೂ ತಪ್ಪುವುದಿಲ್ಲ. ತಿಂಗಳಿಗೆ ಎರಡು ಸಲ ಓಡಿಸುವವನು ಅದಷ್ಟನ್ನೂ ಒಬ್ಬನೇ ಕಟ್ಟಿದರೆ ನಿಜಕ್ಕೂ ನೀರಲ್ಲಿ ಹೋಮ ಮಾಡಿದ ಹಾಗೆ. ಇಬ್ಬರಾದರೆ ಅರ್ಧ. ಅಷ್ಟರ ಮಟ್ಟಿಗೆ ನಮ್ಮ ಲೆಕ್ಕ ತಪ್ಪಲಿಲ್ಲ. ನಾವು ಎಣಿಸದೇ ಇದ್ದ ಇನ್ನೊಂದು ಲಾಭವೂ ಸಿಕ್ಕಿತು, ಅವನು ಬೆಳಗಿನ ಜಾವ ಗಾಳ ಹಾಕಲು ಹೋಗುವವನು, ನಾನು ಸಂಜೆ ಸುಮ್ನೆ ಸುತ್ತಾಡುವವನು, ಹಾಗಾಗಿ ಒಂದೇ ಭಾನುವಾರ ಇಬ್ಬರಿಗೂ ದೋಣಿ ಸಿಗುತ್ತದೆ.

ತೊಂದರೆ ಶುರುವಾಗಿದ್ದು ದುಡ್ಡಿನಿಂದ ಅಲ್ಲ. ಇಬ್ಬರದೂ ಆದ ವಸ್ತುವನ್ನು ಇಬ್ಬರೂ ನೋಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಇಬ್ಬರೂ ನೋಡುವುದಿಲ್ಲ. ಇನ್ನೊಬ್ಬ ನೋಡಿರುತ್ತಾನೆ ಅಂತ ಇಬ್ಬರೂ ಆರಾಮಾಗಿರುತ್ತಾರೆ.

ಮೊದಲ ಪಾಠ ಡ್ರೈನ್ ಪ್ಲಗ್. ಗೊತ್ತಿಲ್ಲದವರಿಗೆ, ದೋಣಿಯ ಹಿಂಬದಿಯಲ್ಲಿ ಕೆಳಗೆ ಒಂದು ತೂತು ಇರುತ್ತದೆ, ಮೇಲಕ್ಕೆ ತಂದಾಗ ಒಳಗಿನ ನೀರು ಹರಿದುಹೋಗಲಿ ಅಂತ. ನೀರಿಗಿಳಿಸುವ ಮೊದಲು ಅದಕ್ಕೆ ಪ್ಲಗ್ ಹಾಕಲೇಬೇಕು. ಅವತ್ತು ಇಬ್ಬರೂ ಒಟ್ಟಿಗೇ ಇಳಿಸಿ ದಡದಿಂದ ಸ್ವಲ್ಪ ದೂರ ಹೋಗಿದ್ದೇವೆ, ತಳದಲ್ಲಿ ಸೇರಿದ ನೀರನ್ನು ಹೊರಗೆ ಹಾಕುವ ಬಿಲ್ಜ್ ಪಂಪ್ ತಾನಾಗೇ ಚಾಲೂ ಆಯಿತು. ಅದು ನಿಲ್ಲುತ್ತಲೇ ಇಲ್ಲ. ನನ್ನ ಕಾಲಡಿಯ ಮ್ಯಾಟ್ ನಿಧಾನಕ್ಕೆ ತೇಲಿತು.

"ಪ್ಲಗ್ ಹಾಕಿದ್ದೀಯ ಅಲ್ವಾ?" ಅಂದೆ.

"ನೀನು ಹಾಕಿಲ್ವಾ?" ಅಂದ.

ಪ್ಲಗ್ ಅವನ ಪ್ಯಾಂಟಿನ ಜೇಬಲ್ಲೇ ಇತ್ತು. ಅವತ್ತಿನಿಂದ ಪ್ಲಗ್ ಬಿಚ್ಚಿದ ತಕ್ಷಣ ಎಂಜಿನ್ ಕೀ ಜೊತೆ ಒಂದೇ ಕ್ಲಿಪ್ಪಿಗೆ ಸಿಕ್ಕಿಸುತ್ತೇವೆ. ಕೀ ಕೈಗೆ ಬಂದರೆ ಪ್ಲಗ್ಗೂ ಬರುತ್ತದೆ. ಪಾಲುದಾರರಿಲ್ಲದಿದ್ದರೂ ಇದನ್ನು ಮಾಡಿ.

ಎರಡನೆಯದು ಜೇಬಿಗೇ ಬಿತ್ತು. ಔಟ್‌ಬೋರ್ಡ್ ಎಂಜಿನ್ ಓಡುವಾಗ ಹಿಂದಿನಿಂದ ಸಣ್ಣ ಧಾರೆಯಾಗಿ ನೀರು ಚಿಮ್ಮುತ್ತಿರುತ್ತದೆ. ಅದು ಬರುತ್ತಿದ್ದರೆ ಎಂಜಿನ್ನಿಗೆ ತಂಪು ನೀರು ಹೋಗುತ್ತಿದೆ ಅಂತ ಲೆಕ್ಕ. ಮೂರನೇ ವರ್ಷ ನಾನು ಓಡಿಸುತ್ತಿದ್ದಾಗ ಬಿಸಿಯ ಅಲಾರಂ ಕೂಗಿತು, ತಿರುಗಿ ನೋಡಿದರೆ ಧಾರೆಯೇ ಇಲ್ಲ. ಆಫ್ ಮಾಡಿ ಹುಟ್ಟು ಹಾಕಿಕೊಂಡು ದಡಕ್ಕೆ ಬಂದೆ. ಕೆಳಭಾಗ ಬಿಚ್ಚಿಸಿದಾಗ ನೀರು ತಳ್ಳುವ ಇಂಪೆಲ್ಲರ್ ಕೈಗೆ ಬಂತು. ಅಂಗೈಯಲ್ಲಿ ಹಿಡಿಯುವಷ್ಟು ರಬ್ಬರ್ ಚಕ್ರ, 6 ರೆಕ್ಕೆಯಲ್ಲಿ 3 ಮಾತ್ರ ಉಳಿದಿತ್ತು, ಉಳಿದದ್ದೂ ಗಟ್ಟಿಯಾಗಿ ಒಂದೇ ಕಡೆ ಬಾಗಿತ್ತು. ಮುರಿದ ಚೂರುಗಳು ನೀರಿನ ದಾರಿಯಲ್ಲಿ ಸಿಕ್ಕಿಕೊಂಡರೆ ಹೊಸ ಇಂಪೆಲ್ಲರ್ ಹಾಕಿದರೂ ಎಂಜಿನ್ ಬಿಸಿಯಾಗುತ್ತದೆ, ಹಾಗಾಗಿ ಅವನ್ನೆಲ್ಲ ಹುಡುಕಿ ತೆಗೆಸಬೇಕಾಯಿತು. ಈ ಭಾಗದ ಬೆಲೆ ಎಂಜಿನ್ನಿನ ಮುಂದೆ ಏನೇನೂ ಅಲ್ಲ, ಆಗಾಗ ಬದಲಿಸುತ್ತಿದ್ದರೆ ಮುಗಿಯಿತು. ಹಿಂದಿನ ವರ್ಷ ಅವನು ಬದಲಿಸಿದ್ದಾನೆ ಅಂತ ನಾನು, ನಾನು ಬದಲಿಸಿದ್ದೇನೆ ಅಂತ ಅವನು. ರಸೀದಿ ಇಬ್ಬರ ಹತ್ತಿರವೂ ಇಲ್ಲ!

ರಿಪೇರಿ ದುಡ್ಡು ಯಾರದು? "ಓಡಿಸಿದವನು ನೀನು" ಅಂದ. ಎರಡು ವಾರ ಮಾತಿಲ್ಲ. ಕೊನೆಗೆ ಅರ್ಧರ್ಧ ಹಾಕಿದೆವು, ಆದರೆ ನನಗೆ ಆ ಅರ್ಧದ ಬಗ್ಗೆ ಇವತ್ತಿಗೂ ಸ್ವಲ್ಪ ಹೊಟ್ಟೆ ಉರಿ ಇದೆ. ಅವನಿಗೂ ಇರಬೇಕು.

ಆಮೇಲೆ ಕೂತು ಎರಡು ಪುಟದ ಕರಾರು ಬರೆದೆವು. ಸ್ನೇಹಿತರ ನಡುವೆ ಕಾಗದ ಎಂಥದ್ದು ಅಂತ ಮೊದಲು ನಾಚಿಕೆಯಾಗಿದ್ದು ನಿಜ, ದೋಣಿ ತೆಗೆದುಕೊಂಡ ದಿನವೇ ಬರೆದಿದ್ದರೆ ನಾಚಿಕೆ ಇನ್ನೂ ಕಡಿಮೆ ಇರುತ್ತಿತ್ತು. ಜಾಗ ಮತ್ತು ವಿಮೆ ಸಮಪಾಲು. ಸರ್ವೀಸು ಮತ್ತು ಸವೆಯುವ ಭಾಗ ಎಂಜಿನ್ ಮೀಟರಿನ ಗಂಟೆ ಪ್ರಕಾರ. ಇದು ನ್ಯಾಯ, ಯಾಕಂದರೆ 5 ವರ್ಷದಲ್ಲಿ ಓಡಿದ 312 ಗಂಟೆಯಲ್ಲಿ ಸುಮಾರು 200 ನನ್ನದೇ. ಡಿಕ್ಕಿ ಹೊಡೆಸಿದರೆ ವಿಮೆ ಕೊಡದ ಭಾಗ ಓಡಿಸಿದವನ ತಲೆಗೆ. ಪೆಟ್ರೋಲ್ ತುಂಬಿಸಿಯೇ ಬಿಡಬೇಕು. ಒಬ್ಬ ಬಿಟ್ಟು ಹೋಗುವುದಾದರೆ ಮೊದಲು ಇನ್ನೊಬ್ಬನಿಗೇ ಕೇಳಬೇಕು, 60 ದಿನದಲ್ಲಿ ಅವನು ಕೊಳ್ಳದಿದ್ದರೆ ಹೊರಗಿನವರಿಗೆ, ಬೆಲೆ ಹೇಳುವುದು ನಮ್ಮಿಬ್ಬರಲ್ಲಿ ಯಾರೂ ಅಲ್ಲ, ಹೊರಗಿನ ಸರ್ವೇಯರ್. ಒಬ್ಬ ಸತ್ತರೆ ಏನು ಅಂತಲೂ ಬರೆದಿದ್ದೇವೆ. ಆ ಸಾಲು ಬರೆಯುವಾಗ ಇಬ್ಬರಿಗೂ ನಗು ಬಂತು, ಆಮೇಲೆ ಬರಲಿಲ್ಲ. ವಿಮೆಯಲ್ಲಿ ಇಬ್ಬರ ಹೆಸರೂ ಇದೆಯಾ ಅಂತ ಮಾತ್ರ ಮರೆಯದೇ ನೋಡಿಕೊಳ್ಳಿ, ನಮ್ಮದರಲ್ಲಿ ಒಂದೂವರೆ ವರ್ಷ ನನ್ನ ಹೆಸರೊಂದೇ ಇತ್ತು.

ಕರಾರಿಗಿಂತ ಜಾಸ್ತಿ ಉಪಯೋಗಕ್ಕೆ ಬಂದಿದ್ದು 1 ನೋಟ್‌ಬುಕ್. ನೀರು ತಾಗದ ಚೀಲದಲ್ಲಿ ಸ್ಟೇರಿಂಗ್ ಕೆಳಗೆ ಇರುತ್ತದೆ. ತಾರೀಕು, ಮೀಟರ್, ಧಾರೆ ಸರಿ ಇತ್ತಾ, ಏನಾದರೂ ಸದ್ದು ಬಂತಾ. ಕೆಲಸಕ್ಕೂ ಹೆಸರು ಹಾಕಿದ್ದೇವೆ: ಎಂಜಿನ್ ನನ್ನದು, ಟ್ರೇಲರ್ ಬೇರಿಂಗು, ಬ್ಯಾಟರಿ, ಲೈಫ್ ಜಾಕೆಟ್ ಅವನದು. "ಇಬ್ಬರೂ" ಅನ್ನುವ ಪದ ಆ ಪುಸ್ತಕದಲ್ಲೇ ಇಲ್ಲ. ಹೋದ ವಾರ ಅವನು ಬರೆದದ್ದು: "ಬ್ಯಾಟರಿ 12.2 ವೋಲ್ಟ್, ಚಾರ್ಜಿಗೆ ಹಾಕಿದೆ. ಎರೆಹುಳು ಡಬ್ಬಿ ತೆಗೆದಿದ್ದೇನೆ, ಬೈಬೇಡ." ಹಿಂದೊಮ್ಮೆ ಅದೇ ಡಬ್ಬಿ ಒಂದು ವಾರ ಸೀಟಿನ ಕೆಳಗೆ ಉಳಿದಿತ್ತು. ವಾಸನೆ ಬಗ್ಗೆ ಬರೆಯಲ್ಲ.

ನನ್ನ ಅಂಕ 5ಕ್ಕೆ 4. ಆ ಒಂದು ಕಡಿತ ಮೊದಲ ಮೂರು ವರ್ಷಕ್ಕೆ.

ಸದ್ಯದ ತಕರಾರು ಎಂಜಿನ್ನಿನದು. ಅವನಿಗೆ 90 ಎಚ್‌ಪಿ ಬೇಕಂತೆ. ದೋಣಿ ಒಳಗೆ ಬಡಿದಿರುವ ತಗಡಿನಲ್ಲಿ ಗರಿಷ್ಠ 75 ಅಂತ ಕೊರೆದಿದೆ. ಹೋಗಿ ಓದಿಕೊಂಡು ಬಾ ಅಂತ ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.