ವುಡ್‌ಸೈಡ್ ಟ್ರಾಮ್ ನಿಲ್ದಾಣ: ಕುದುರೆಗಳಿಗಾಗಿ ಮಾಡಿದ ದಾರಿ

ದಕ್ಷಿಣ ಲಂಡನ್ನಿನ ಕ್ರಾಯ್ಡನ್‌ನಲ್ಲಿ ಹಲವು ವರ್ಷಗಳಿಂದ ವುಡ್‌ಸೈಡ್ ಟ್ರಾಮ್ ನಿಲ್ದಾಣವನ್ನು ಬಳಸುತ್ತಿರುವ ನನಗೆ ಅಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಇಳಿಜಾರು ದಾರಿ. ರಸ್ತೆ ಮೇಲಿದೆ, ಹಳಿ ತಗ್ಗಿನಲ್ಲಿದೆ. ಆದರೂ ಮೆಟ್ಟಿಲು ಹತ್ತಿಳಿಯುವ ಗೋಜಿಲ್ಲ. 1871ರಲ್ಲಿ ಇಲ್ಲಿ ರೈಲು ನಿಲ್ದಾಣ ತೆರೆದಾಗ ಸಮೀಪದಲ್ಲೇ ಕುದುರೆ ಪಂದ್ಯದ ಮೈದಾನವಿತ್ತು. ರೈಲಿನಲ್ಲಿ ಬಂದ ಕುದುರೆಗಳನ್ನು ರಸ್ತೆಗೆ ನಡೆಸಿಕೊಂಡು ಹೋಗಲೆಂದು ಈ ಅಗಲವಾದ ಇಳಿಜಾರುಗಳನ್ನು ಕಟ್ಟಿದರು. 1890ರಲ್ಲಿ ಪಂದ್ಯಗಳು ನಿಂತುಹೋದರೂ ದಾರಿ ಉಳಿಯಿತು. ಶನಿವಾರ ಸರ್ರೆ ಸ್ಟ್ರೀಟ್ ಸಂತೆಯಲ್ಲಿ ತರಕಾರಿ ತುಂಬಿಸಿಕೊಂಡ ಗಾಲಿ ಚೀಲವನ್ನು ನಾನು ಅದೇ ದಾರಿಯಲ್ಲಿ ನಿಧಾನವಾಗಿ ಎಳೆದು ತರುತ್ತೇನೆ. ಊರಿನಿಂದ ಬಂದಿದ್ದ ಅಮ್ಮನೂ ಮಂಡಿನೋವಿನ ಮಾತೆತ್ತದೆ ಅಲ್ಲಿ ಹತ್ತಿದ್ದರು.

ಇಲ್ಲಿಂದ ದಕ್ಷಿಣಕ್ಕೆ ಎರಡು ರೈಲುಮಾರ್ಗಗಳು ಕವಲೊಡೆಯುತ್ತಿದ್ದವು. ಆಡಿಸ್ಕೂಂಬ್‌ಗೆ ಹೋಗುತ್ತಿದ್ದ 1864ರ ಹಳೆಯ ಮಾರ್ಗ 1997ರ ಮೇ 31ರವರೆಗೆ ನಡೆಯಿತು. 1885ರಲ್ಲಿ ಸೇರಿದ ಇನ್ನೊಂದು ಮಾರ್ಗ ಪ್ರಯಾಣಿಕರಿಲ್ಲದೆ ಸೊರಗಿ 1983ರಲ್ಲೇ ಮುಚ್ಚಿತ್ತು. ವಿಚಿತ್ರವೆಂದರೆ, 2000ರ ಮೇ ತಿಂಗಳಲ್ಲಿ ಬಂದ ಟ್ರಾಮ್ ದಕ್ಷಿಣಕ್ಕೆ ತಿರುಗಿದ್ದು ಮೊದಲು ಸತ್ತಿದ್ದ ಆ ಮಾರ್ಗದ ಮೇಲೆಯೇ.

ಇಷ್ಟೆಲ್ಲ ಹೊಗಳಿದ ಮೇಲೂ ಸೇತುವೆಯ ಮೇಲಿನ ಹಳೆಯ ನಿಲ್ದಾಣದ ಕಟ್ಟಡವನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ನಾನು ಕಂಡಂದಿನಿಂದಲೂ ಅದು ಹಲಗೆ ಬಡಿಸಿಕೊಂಡು ಪಾಳು ಬಿದ್ದಿದೆ. ಜನವರಿಯ ಗಾಳಿ ಮಳೆಯಲ್ಲಿ, ಕೆಳಗಿನ ಪುಟ್ಟ ತಂಗುದಾಣದಲ್ಲಿ ನಾವು ಒತ್ತಿಕೊಂಡು ನಿಂತಿರುವಾಗ, ತಲೆಯ ಮೇಲೆ ಒಂದು ಇಡೀ ಕಟ್ಟಡ ಬೀಗ ಹಾಕಿಕೊಂಡು ಕುಳಿತಿರುವುದು ಯಾವ ನ್ಯಾಯ? ಅಲ್ಲೊಂದು ಚಹಾದಂಗಡಿ ಇಟ್ಟರೂ ಸಾಕಿತ್ತು. ಕುದುರೆಗಳ ಬಗ್ಗೆ ತಿಳಿಸುವ ಫಲಕವನ್ನೂ ನಾನು ಅಲ್ಲಿ ಕಂಡಿಲ್ಲ.

ಆದರೂ ಕಾರಿಲ್ಲದ ನನ್ನಂಥವರಿಗೆ ಇದಕ್ಕಿಂತ ಅಗ್ಗದ ದಾರಿಯಿಲ್ಲ. ಟ್ರಾಮಿಗೆ ಬಸ್ಸಿನ ದರವೇ. ಒಂದು ಗಂಟೆಯೊಳಗೆ ಬಸ್ಸಿಗೆ ಬದಲಾಯಿಸಿದರೆ ಮತ್ತೆ ಹಣ ಕೊಡಬೇಕಿಲ್ಲ. ಹೊಸಬರು ಹತ್ತುವ ಮೊದಲೇ ಪ್ಲಾಟ್‌ಫಾರ್ಮಿನ ಯಂತ್ರಕ್ಕೆ ಕಾರ್ಡು ತಾಗಿಸಬೇಕು, ಒಳಗೆ ಯಂತ್ರವಿರುವುದಿಲ್ಲ.