50 ನಳಿಕೆಯ ಹರಳು ಕಿಟ್: ಕಲಬುರಗಿ ಬಿಸಿಲಿಗೆ ಹೊಂದುತ್ತದೆಯೇ?

ತೊಗರಿ ಕಟ್ಟಿಗೆ, ಕಬ್ಬಿನ ಸಿಪ್ಪೆ ಒಡೆಯುವ ಶಿಲೀಂಧ್ರ ಕಿಣ್ವದ ರಚನೆ ನೋಡಬೇಕೆನ್ನುವವರು ಮೊದಲು ಕಿಣ್ವವನ್ನು ಹರಳಾಗಿಸಬೇಕು; ಅದಕ್ಕೆ ಕೊಳ್ಳಬೇಕಾದದ್ದು ಈ ಸ್ಪಾರ್ಸ್ ಮ್ಯಾಟ್ರಿಕ್ಸ್ ಕಿಟ್, ಅಂದರೆ ಹರಳು ಬರಿಸಬಹುದಾದ 50 ಬಗೆಯ ದ್ರಾವಣಗಳ ಪೆಟ್ಟಿಗೆ. ಸೂತ್ರ 1991ರದು, ಜಾನ್‌ಕಾರಿಕ್ ಮತ್ತು ಕಿಮ್ ಪ್ರಕಟಿಸಿದ್ದು. ತಲಾ 10 ಮಿ.ಲೀ. ದ್ರಾವಣ, ಗುಂಡಿಗೆ 500 ಮೈಕ್ರೋಲೀಟರ್‌ನಂತೆ ಒಂದು ನಳಿಕೆ 20 ಸಲ ಬರುತ್ತದೆ. ಕೊಟ್ಟ ಹಣಕ್ಕೆ ಮೋಸವಿಲ್ಲ. 24 ಗುಂಡಿಯ ಎರಡು ಪ್ಲೇಟ್ ತುಂಬಿದ ಮೇಲೂ ಎರಡು ದ್ರಾವಣ ಮಿಕ್ಕುವುದು ಮಾತ್ರ ಕಿರಿಕಿರಿ.

ಕಿಣ್ವ ಮಿ.ಲೀ.ಗೆ 10 ಮಿ.ಗ್ರಾಂ. ಇರಲಿ, 1 ಮೈಕ್ರೋಲೀಟರ್ ಕಿಣ್ವಕ್ಕೆ ಅಷ್ಟೇ ದ್ರಾವಣ ಬೆರೆಸಿ ತೂಗುಹನಿ ಇಡಿ, ಅಂದರೆ ಕವರ್‌ಸ್ಲಿಪ್ ಎಂಬ ತೆಳು ಗಾಜಿನಿಂದ ಗುಂಡಿಯ ಮೇಲೆ ತಲೆಕೆಳಗಾಗಿ ತೂಗುವ ಹನಿ. ಕಿಣ್ವಕ್ಕೆ ಫಾಸ್ಫೇಟ್ ಬಫರ್ (ಪಿಎಚ್ ಕಾಯುವ ದ್ರಾವಣ) ಬೇಡ. ಮೊದಲ ನಳಿಕೆಯಲ್ಲೇ ಕ್ಯಾಲ್ಸಿಯಂ ಕ್ಲೋರೈಡ್ ಇದೆ, ಅದು ಫಾಸ್ಫೇಟ್ ಜೊತೆ ಕೂಡಿದರೆ ಮರುದಿನ ಕಾಣುವ ಚಂದದ ಹರಳು ಬರೀ ಉಪ್ಪಾಗಿರುತ್ತದೆ. ಅನುಮಾನ ಬಂದರೆ ಮೆಥಿಲೀನ್ ಬ್ಲೂ ಹಾಕಿ ನೋಡಿ: ಪ್ರೋಟೀನ್ ಹರಳು ನೀಲಿ ಹೀರುತ್ತದೆ, ಉಪ್ಪಿನದು ಹೀರುವುದಿಲ್ಲ. ಹನಿಗಳಲ್ಲಿ ಬರೀ ಕಂದು ಗಸಿ ಕಂಡರೆ ಕಿಟ್ಟನ್ನು ಬೈಯುವ ಮೊದಲು ಕಿಣ್ವದ ಮೈಗಂಟಿದ ಸಕ್ಕರೆ ಸರಪಳಿಯನ್ನು ಎಂಡೋ-ಎಚ್ ಎಂಬ ಇನ್ನೊಂದು ಕಿಣ್ವದಿಂದ ಕತ್ತರಿಸಿ. ಶಿಲೀಂಧ್ರ ಹೊರಚೆಲ್ಲುವ ಕಿಣ್ವಗಳಲ್ಲಿ ಈ ತಾಪತ್ರಯ ಸಾಮಾನ್ಯ.

ನಮ್ಮ ಕಡೆ ಅಸಲಿ ಶತ್ರು ಮೇ ತಿಂಗಳು. ಪ್ಲೇಟನ್ನು 20 ಡಿಗ್ರಿಯ ಬಿಒಡಿ ಇನ್‌ಕ್ಯುಬೇಟರ್‌ನಲ್ಲೇ (ತಂಪು ಕಾಯುವ ಪೆಟ್ಟಿಗೆ) ಇಡಬೇಕು, ಅದಕ್ಕೆ ಇನ್ವರ್ಟರ್ ಬೇಕೇ ಬೇಕು. ಕರೆಂಟ್ ಹೋಗಿ ಬಂದಾಗ ಕವರ್‌ಸ್ಲಿಪ್ ಅಡಿಯಲ್ಲಿ ಬೆವರಿದ ನೀರು ಹನಿಗೆ ಸೇರಿ ಹರಳು ಕರಗುತ್ತದೆ. ಐಸೊಪ್ರೊಪನಾಲ್ ಇರುವ ನಳಿಕೆಗಳು ಮುಚ್ಚಳ ತೆರೆದಷ್ಟೂ ಆವಿಯಾಗುತ್ತವೆ. ಅವನ್ನು ಸಣ್ಣ ನಳಿಕೆಗಳಿಗೆ ಹಂಚಿಡಿ. ಹಲವು ನಳಿಕೆಗಳಲ್ಲಿರುವ ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್) ಹಳತಾದಂತೆ ಪಿಎಚ್ ಇಳಿಯುತ್ತದೆ, ಆದ್ದರಿಂದ ಕತ್ತಲಲ್ಲಿ, ತಂಪಿನಲ್ಲಿ ಇಡಬೇಕು. ಕ್ಯಾಕೊಡೈಲೇಟ್ ಬಫರ್ ಇರುವ ನಳಿಕೆಗಳಲ್ಲಿ ಆರ್ಸೆನಿಕ್ ಇದೆ, ಸಿಂಕಿಗೆ ಸುರಿಯಬೇಡಿ.

ಎಕ್ಸ್-ರೇಗೆ ಇಷ್ಟು ಸಾಕು. ಸಣ್ಣ ಹರಳಾದರೂ ಇಂದೋರಿನ ಇಂಡಸ್-2 ಸಿಂಕ್ರೊಟ್ರಾನ್‌ನ (ಪ್ರಖರ ಎಕ್ಸ್-ರೇ ಕೊಡುವ ಯಂತ್ರ) ಪ್ರೋಟೀನ್ ಬೀಮ್‌ಲೈನ್‌ಗೆ ಒಯ್ಯಬಹುದು. ಆದರೆ ಹೈಡ್ರೋಜನ್ ಕಿಣ್ವದ ಯಾವ ಅಮೈನೋ ಆಮ್ಲದ ಮೇಲೆ ಕೂತಿದೆ ಎಂಬುದು ಎಕ್ಸ್-ರೇಗೆ ಸುಲಭಕ್ಕೆ ಕಾಣುವುದಿಲ್ಲ; ತಾಮ್ರದ ನೆರವಿನಿಂದ ಸಸ್ಯನಾರು ಒಡೆಯುವ ಎಲ್‌ಪಿಎಂಒ ಕಿಣ್ವವಾದರೆ ಕಿರಣವೇ ಒಳಗಿನ ತಾಮ್ರವನ್ನು ಅಪಕರ್ಷಿಸಿಬಿಡುತ್ತದೆ. ಅಲ್ಲಿ ನ್ಯೂಟ್ರಾನ್ ಬೇಕು. ಟ್ರೈಕೋಡರ್ಮಾ ರೀಸಿ ಎಂಬ ಶಿಲೀಂಧ್ರದ ಕ್ಸೈಲನೇಸ್‌ನಲ್ಲಿ (ಸಸ್ಯನಾರಿನ ಕ್ಸೈಲನ್ ಒಡೆಯುವ ಕಿಣ್ವ) ಪ್ರೋಟಾನ್, ಅಂದರೆ ಆ ಹೈಡ್ರೋಜನ್, ಎಲ್ಲಿದೆಯೆಂದು 2015ರಲ್ಲಿ ನೇರವಾಗಿ ತೋರಿಸಿದ್ದು ನ್ಯೂಟ್ರಾನೇ.

ದೊಡ್ಡ ಹರಳು ಬೇಡುವ ಈ ನ್ಯೂಟ್ರಾನ್ ಕೆಲಸಕ್ಕೆ ಕಿಟ್ ಒಂದೇ ನೆಚ್ಚಿಕೊಂಡರೆ ಆಗುವುದಿಲ್ಲ. ಲೆಕ್ಕ ಹಾಕಿ: ಹನಿಯೊಂದರಲ್ಲಿ ಇರುವುದು 10 ಮೈಕ್ರೋಗ್ರಾಂ ಕಿಣ್ವ. ಅರ್ಧ ನೀರೇ ಇರುವ 1 ಘನ ಮಿ.ಮೀ. ಹರಳಿಗೆ ಬೇಕಾದದ್ದು ಸುಮಾರು 670 ಮೈಕ್ರೋಗ್ರಾಂ. ಹಾಗಾಗಿ ಕಿಟ್‌ನಲ್ಲಿ ಫಲ ಕೊಟ್ಟ ದ್ರಾವಣವನ್ನು ಲ್ಯಾಬ್‌ನಲ್ಲೇ ಲೀಟರ್‌ಗಟ್ಟಲೆ ಮಾಡಿ, 9 ಗುಂಡಿಯ ಗಾಜಿನ ಪ್ಲೇಟಿನಲ್ಲಿ ನೂರಾರು ಮೈಕ್ರೋಲೀಟರ್‌ನ ಹನಿ ಇಡಿ. ಹರಳು ಬೆಳೆದ ಮೇಲೆ ಭಾರಜಲದಲ್ಲಿ (ಹೈಡ್ರೋಜನ್ ಬದಲು ಡ್ಯೂಟೀರಿಯಂ ಇರುವ ನೀರು) ಅದೇ ದ್ರಾವಣ ಮಾಡಿ ನೀರು ಬದಲಿಸಬೇಕು, ಇಲ್ಲದಿದ್ದರೆ ಹೈಡ್ರೋಜನ್‌ನ ಹಿನ್ನೆಲೆ ಗದ್ದಲದಲ್ಲಿ ಸಂಕೇತ ಮುಳುಗುತ್ತದೆ. ಆ ದ್ರಾವಣದಲ್ಲಿ ಪಿಎಚ್ ಮೀಟರ್ ತೋರಿಸಿದ ಅಂಕಿಗೆ 0.4 ಕೂಡಿಸಿದರೆ ನಿಜವಾದ ಪಿಡಿ, ಅಂದರೆ ಭಾರಜಲದಲ್ಲಿ ಪಿಎಚ್‌ನ ಬದಲಿ ಅಳತೆ.