ವರ್ಟಸ್, ಸ್ಲಾವಿಯಾಗೆ 17 ಇಂಚಿನ ಚಕ್ರ: ಎಲ್ಲೂ ಉಜ್ಜದ ಅಳತೆ ಯಾವುದು?

ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಮತ್ತು ಸ್ಕೋಡಾ ಸ್ಲಾವಿಯಾ 1.5 ಟಿಎಸ್‌ಐ, ಎರಡರದ್ದೂ ಒಂದೇ ಎಂಜಿನ್. 150 ಪಿಎಸ್ ಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕ್. ಕಂಪನಿ ಕೊಡೋ ಟೈರು ಮಾತ್ರ 205/55 ಆರ್16: ಅಗಲ 205 ಮಿಮೀ, ಪಕ್ಕದ ಎತ್ತರ ಆ ಅಗಲದ ಶೇ. 55, ರಿಮ್ 16 ಇಂಚು. ಇಷ್ಟು ಎಳೆತ ಇರೋ ಕಾರಿಗೆ ಇನ್ನೊಂದಿಷ್ಟು ಹಿಡಿತ ಬೇಕು ಅಂತ ಅನ್ನಿಸೋದು ಸಹಜ. ಮೈಸೂರಿನಲ್ಲಿ ಯಾವ ಟೈರು ಅಂಗಡಿಗೆ ಹೋಗಿ ಕೇಳಿದರೂ ಸಿಗೋ ಉತ್ತರ ಹೆಚ್ಚುಕಡಿಮೆ ಒಂದೇ: "17 ಹಾಕ್ಸಿ ಸಾರ್, ಏನೂ ಆಗಲ್ಲ." ಏನೂ ಆಗದ ಅಳತೆ ಖಂಡಿತ ಇದೆ. ತಿರುವಿನಲ್ಲಿ, ಹಂಪಿನ ಮೇಲೆ ಟೈರು ಉಜ್ಜೋ ಅಳತೆಯೂ ಇದೆ. ಎರಡಕ್ಕೂ ನಡುವೆ ಒಂದು ಬೆರಳಗಲ ಅಂತರ ಅಷ್ಟೆ.

ಈ ಎರಡು ಕಾರಿಗೆ ಮೈಸೂರು, ಮಂಡ್ಯದ ರಸ್ತೆಗಳ ಮಟ್ಟಿಗೆ ನಮ್ಮ ಆಯ್ಕೆ 17 ಇಂಚು, 7 ಜೆ (ಅಂದರೆ 7 ಇಂಚು) ಅಗಲದ ಅಲಾಯ್, ಅದರ ಮೇಲೆ 225/45 ಆರ್17 ಟೈರು. ಆದರೆ ಚಕ್ರದ ಆಫ್‌ಸೆಟ್‌ಗೂ (ಚಕ್ರ ಎಷ್ಟು ಒಳಗೆ, ಎಷ್ಟು ಹೊರಗೆ ಕೂರುತ್ತೆ ಅನ್ನೋ ಅಳತೆ) ಮೂಲ ಚಕ್ರದ ಆಫ್‌ಸೆಟ್‌ಗೂ 5 ಮಿಮೀಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಈ ಷರತ್ತು ಬಿಟ್ಟರೆ ಉಳಿದ ಲೆಕ್ಕವೆಲ್ಲ ಕೆಡುತ್ತೆ.

ಮೊದಲು ಎತ್ತರದ ಲೆಕ್ಕ. ಮೂಲ 205/55 ಆರ್16 ಟೈರಿನ ಒಟ್ಟು ವ್ಯಾಸ ಸುಮಾರು 632 ಮಿಮೀ. 225/45 ಆರ್17 ಹಾಕಿದರೆ 634. ಅಂದರೆ ಟೈರಿನ ನೆತ್ತಿ ಫೆಂಡರ್ (ಚಕ್ರದ ಮೇಲಿನ ಬಾಡಿಯ ಕಮಾನು) ಕಡೆಗೆ ಒಂದು ಮಿಮೀ ಚಿಲ್ಲರೆ ಹತ್ತಿರ ಹೋಗುತ್ತೆ. ಅದು ಲೆಕ್ಕಕ್ಕೇ ಇಲ್ಲ. ಸ್ಪೀಡೋಮೀಟರ್ ಕೂಡ ಹಾಗೇ ಇರುತ್ತೆ. ಇದೇ ಜಾಗದಲ್ಲಿ ಹಲವರು ಹಾಕಿಸೋ 215/50 ಆರ್17 ನೋಡಿ: ವ್ಯಾಸ 647 ಮಿಮೀ. ನೆತ್ತಿಯಲ್ಲೂ ಮುಂದೂ ಹಿಂದೂ ಏಳೂವರೆ ಮಿಮೀ ಜಾಸ್ತಿ. ಸ್ಟೇರಿಂಗ್ ಫುಲ್ ಕಟ್ ಮಾಡಿ ರಿವರ್ಸ್ ತೆಗೆದಾಗ "ಸರ್ ಸರ್" ಅಂತ ಕೇಳೋ ಸದ್ದಿಗೆ ಎಷ್ಟೋ ಸಲ ಈ ಏಳೂವರೆ ಮಿಮೀಯೇ ಕಾರಣ. 215/50 ಕೆಟ್ಟ ಅಳತೆ ಅಂತಲ್ಲ. ಅದರ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಎತ್ತರವಾಗಿದೆ, ಗುಂಡಿ ತಡೆಯೋದರಲ್ಲಿ ವಾಸಿ. ಆದರೆ ಅದನ್ನು ಹಾಕಿಸೋರು ಆಫ್‌ಸೆಟ್ ವಿಷಯದಲ್ಲಿ ಇನ್ನೂ ಬಿಗಿಯಾಗಿರಬೇಕು.

ಇನ್ನು ಆಫ್‌ಸೆಟ್. ಅಂಗಡಿಗಳಲ್ಲಿ ಎಲ್ಲರೂ ಹಾರಿಸಿಬಿಡೋ ವಿಷಯ ಇದೇ. ಚಕ್ರ ಹಬ್‌ಗೆ (ಚಕ್ರವನ್ನು ಬೋಲ್ಟು ಹಾಕಿ ಬಿಗಿಯೋ ಭಾಗ) ಕೂರೋ ಮುಖ, ರಿಮ್ಮಿನ ಅಗಲದ ಮಧ್ಯಕ್ಕಿಂತ ಎಷ್ಟು ಹೊರಗಿದೆ ಅನ್ನೋದೇ ಆಫ್‌ಸೆಟ್. ಚಕ್ರದ ಹಿಂಬದಿಯಲ್ಲಿ, ಕಡ್ಡಿಯ (ಸ್ಪೋಕಿನ) ಬೆನ್ನಿಗೆ, ಇಟಿ ಅಂತ ಅಚ್ಚೊತ್ತಿ ಪಕ್ಕದಲ್ಲಿ ಸಂಖ್ಯೆ ಹಾಕಿರುತ್ತಾರೆ. ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಫೆಂಡರ್‌ನಿಂದ ಹೊರಕ್ಕೆ ಬರುತ್ತೆ, ಹೆಚ್ಚಾದಷ್ಟೂ ಸ್ಟ್ರಟ್ (ಚಕ್ರದ ಒಳಬದಿಯ ಸಸ್ಪೆನ್ಶನ್ ಕಂಬ) ಕಡೆಗೆ ಒಳಕ್ಕೆ ಹೋಗುತ್ತೆ. ನಿಮ್ಮ ಕಾರಿನ ಒಂದು ಚಕ್ರ ಬಿಚ್ಚಿ ಈ ಸಂಖ್ಯೆ ಓದಿಕೊಳ್ಳದೆ ಹೊಸ ಸೆಟ್‌ಗೆ ಅಡ್ವಾನ್ಸ್ ಕೊಡಬೇಡಿ.

ಒಂದು ಉದಾಹರಣೆ. ಮೂಲ ಚಕ್ರ 6 ಜೆ, ಇಟಿ 40 ಅಂತ ಇಟ್ಟುಕೊಳ್ಳೋಣ. ಅಂಗಡಿಯವರು ತೋರಿಸಿದ್ದು 7.5 ಜೆ, ಇಟಿ 35. ಅಗಲ ಒಂದೂವರೆ ಇಂಚು ಜಾಸ್ತಿ, ಅಂದರೆ 38 ಮಿಮೀ. ಅದರಲ್ಲಿ ಅರ್ಧ, 19 ಮಿಮೀ, ಹೊರಗೆ, ಇನ್ನರ್ಧ ಒಳಗೆ. ಆಫ್‌ಸೆಟ್ 5 ಕಡಿಮೆ ಇರೋದರಿಂದ ಹೊರಗಡೆ ಅದನ್ನು ಕೂಡಿಸಿ, ಒಳಗಡೆ ಕಳೆಯಿರಿ. ರಿಮ್ಮಿನ ಹೊರ ಅಂಚು 24 ಮಿಮೀ ಆಚೆ ಬಂತು, ಒಳ ಅಂಚು 14 ಮಿಮೀ ಒಳಗೆ ಹೋಯ್ತು. ಅದೇ 7 ಜೆ, ಇಟಿ 40 ತಗೊಂಡರೆ ಎರಡೂ ಕಡೆ 12.7 ಮಿಮೀ ಮಾತ್ರ. ಇದು ರಿಮ್ಮಿನ ಲೆಕ್ಕ. ಉಜ್ಜೋದು ಟೈರು, ಅದರ ಲೆಕ್ಕ ಬೇರೆ: 205ರಿಂದ 225ಕ್ಕೆ ಹೋದರೆ ಪ್ರತಿ ಪಕ್ಕಕ್ಕೆ 10 ಮಿಮೀ, ಅದಕ್ಕೆ ಆಫ್‌ಸೆಟ್ ವ್ಯತ್ಯಾಸ ಸೇರಿಸಿ. ಜತೆಗೆ ರಿಮ್ ಅಗಲ ಅರ್ಧ ಇಂಚು ಹೆಚ್ಚಾದರೆ ಅದೇ ಟೈರು ಸುಮಾರು 5 ಮಿಮೀ ಉಬ್ಬುತ್ತೆ. 225/45ಕ್ಕೆ 7ರಿಂದ 8.5 ಜೆವರೆಗಿನ ರಿಮ್ ಆಗುತ್ತೆ. ನಾವು 7 ಜೆ ಅನ್ನೋದು ಯಾಕೆಂದರೆ ಆ ಉಬ್ಬನ್ನೂ ಕಡಿಮೆ ಮಾಡೋದಕ್ಕೆ.

ಎಷ್ಟು ಜಾಗ ಇದೆ ಅಂತ ಅಳೆಯೋದು ಕಷ್ಟದ ಕೆಲಸವೇನಲ್ಲ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಫೆಂಡರ್ ಅಂಚಿನಿಂದ ದಾರಕ್ಕೆ ನಟ್ ಕಟ್ಟಿ ಇಳಿಬಿಡಿ. ಟೈರಿನ ಉಬ್ಬಿನಿಂದ ದಾರಕ್ಕೆ ಎಷ್ಟು ಮಿಮೀ ಅಂತ ಬರೆದುಕೊಳ್ಳಿ. ಒಳಗಡೆ ಸ್ಟ್ರಟ್‌ಗೂ ಟೈರಿಗೂ ನಡುವೆ ಅಲೆನ್ ಕೀಗಳನ್ನು ಒಂದೊಂದಾಗಿ ತೂರಿಸಿ ನೋಡಿ; ಯಾವುದು ಸಲೀಸಾಗಿ ಹೋಗಿ ಬರುತ್ತೋ ಅದರ ಅಳತೆಯೇ ನಿಮ್ಮ ಜಾಗ. ಹೊಸ ಟೈರು ಕೂತ ಮೇಲೆ ಸ್ಟ್ರಟ್ ಹತ್ತಿರ 5–6 ಮಿಮೀ ಉಳಿದರೂ ಸಾಕು, ಯಾಕೆಂದರೆ ಸ್ಟ್ರಟ್ ಚಕ್ರದ ಜತೆಗೇ ಏಳುತ್ತೆ, ಇಳಿಯುತ್ತೆ, ತಿರುಗುತ್ತೆ. ಫೆಂಡರ್, ಅದರ ಒಳಗಿನ ಪ್ಲಾಸ್ಟಿಕ್ ಹೊದಿಕೆಯಾದ ಲೈನರ್ ಹಾಗಲ್ಲ. ಅವು ಬಾಡಿಗೆ ಅಂಟಿಕೊಂಡಿರೋವು, ಚಕ್ರ ಅವುಗಳ ಕಡೆಗೆ ನುಗ್ಗುತ್ತೆ. ಅಲ್ಲಿ 10 ಮಿಮೀಗಿಂತ ಕಡಿಮೆ ಬಿಡಬಾರದು.

ಒಳ್ಳೆ ಅಂಗಡಿ ಯಾವುದು ಅಂತ ಗುರುತಿಸೋಕೆ ನಮಗೆ ಒಂದೇ ಪರೀಕ್ಷೆ ಸಾಕು: ಟೈರು ಏರಿಸೋ ಮೊದಲು ಖಾಲಿ ಚಕ್ರವನ್ನು ಹಬ್‌ಗೆ ಕೂರಿಸಿ ತೋರಿಸುತ್ತಾರಾ? ಒಂದು ಮುಂದೆ, ಒಂದು ಹಿಂದೆ ಕೂರಿಸಿ, ಕೈಯಲ್ಲಿ ತಿರುಗಿಸಿ, ಬ್ರೇಕ್ ಕ್ಯಾಲಿಪರ್‌ಗೆ ಕಡ್ಡಿ ತಾಗುತ್ತಾ ನೋಡೋದಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತೆ. ಟೈರು ಏರಿಸಿ, ರಿಮ್ಮಿಗೆ ಗೀರು ಬಿದ್ದ ಮೇಲೆ ಯಾರೂ ವಾಪಸ್ ತಗೊಳ್ಳಲ್ಲ. ವಿಕ್ರಾಂತ್ ಟೈರು ತಯಾರಾಗುತ್ತಿದ್ದ ಊರಿದು, 1997ರಲ್ಲಿ ಅದು ಜೆಕೆ ಟೈರ್ ಕೈಗೆ ಹೋಯಿತು. ಟೈರಿನ ಕೆಲಸ ಬಲ್ಲವರಿಗೆ ಇಲ್ಲಿ ಬರ ಇಲ್ಲ. ಟೈರು ಏರಿಸೋದು, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎಲ್ಲವನ್ನೂ ಚೊಕ್ಕವಾಗಿ ಮಾಡೋ ಅಂಗಡಿಗಳು ಇವೆ. ಅಳತೆಯ ವಿಷಯಕ್ಕೆ ಬಂದಾಗ ಮಾತ್ರ ಹಲವು ಕಡೆ "ಎಲ್ಲರೂ ಹಾಕಿಸ್ತಾರೆ" ಅನ್ನೋದೇ ಆಧಾರ. ಅಲ್ಲಿ ಅಂಕ ಕಡಿಮೆ ಕೊಡಲೇಬೇಕು.

ಪಿಸಿಡಿ, ಅಂದರೆ ಬೋಲ್ಟಿನ ತೂತುಗಳು ಕೂರೋ ವೃತ್ತದ ವ್ಯಾಸ, ಇದರ ಬಗ್ಗೆ ರಾಜಿಯೇ ಬೇಡ. ಈ ಎರಡೂ ಕಾರಿಗೆ 5x100: ಐದು ಬೋಲ್ಟು, 100 ಮಿಮೀ ವೃತ್ತ. ಮಾರುಕಟ್ಟೆಯಲ್ಲಿ 17 ಇಂಚಿನ ಸೆಟ್‌ಗಳಲ್ಲಿ ಹೆಚ್ಚಾಗಿ ಸಿಗೋದು 5x114.3 ಅಥವಾ 5x112. ಹಾಗಾಗಿ ಡಿಸೈನ್ ಆಯ್ಕೆ ಕಡಿಮೆ, ಕಾಯಬೇಕಾಗಬಹುದು. ಬೇರೆ ಪಿಸಿಡಿಯ ಚಕ್ರವನ್ನು ಅಡಾಪ್ಟರ್ (ನಡುವೆ ಇಡೋ ಬಿಲ್ಲೆ) ಹಾಕಿ ಕೂರಿಸಿಕೊಡ್ತೀವಿ ಅಂದರೆ ಎದ್ದು ಬನ್ನಿ. ಅಡಾಪ್ಟರ್ ದಪ್ಪ ಎಷ್ಟಿದೆಯೋ ಅಷ್ಟೂ ಚಕ್ರ ಹೊರಗೆ ಬಂದು, ನೀವು ಮಾಡಿದ ಆಫ್‌ಸೆಟ್ ಲೆಕ್ಕವೆಲ್ಲ ನೀರಲ್ಲಿ ಹೋಮ.

ಹಬ್ಬಿನ ವ್ಯಾಸ 57.1 ಮಿಮೀ. ಹೊರಗಿನ ಅಲಾಯ್‌ಗಳ ನಡುತೂತು ಸಾಮಾನ್ಯವಾಗಿ 66.6 ಅಥವಾ 73.1 ಇರುತ್ತೆ. ನಡುವಿನ ಜಾಗಕ್ಕೆ ಹಬ್ ರಿಂಗ್ ಬೇಕು, ನಾಲ್ಕಕ್ಕೂ. ರಿಂಗ್ ಇಲ್ಲದಿದ್ದರೆ ಊರೊಳಗೆ ಏನೂ ಗೊತ್ತಾಗಲ್ಲ. ಬೆಂಗಳೂರು ಹೆದ್ದಾರಿಯಲ್ಲಿ 90 ದಾಟಿದಾಗ ಸ್ಟೇರಿಂಗ್ ನಡುಗಬಹುದು, ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗದೆ ಇರಬಹುದು.

ಬೋಲ್ಟಿನ ವಿಷಯ ಇದಕ್ಕಿಂತ ಗಂಭೀರ. ಕಂಪನಿ ಬೋಲ್ಟು ಎಂ14x1.5, ತಲೆಯ ಕೆಳಗೆ ಗೋಲಿಯಂತೆ ದುಂಡಗಿರುತ್ತೆ. ಹೊರಗಿನ ಅಲಾಯ್‌ಗಳಿಗೆ ಬಹುತೇಕ 60 ಡಿಗ್ರಿ ಓರೆಯ ಕೋನ್ ತಲೆ ಬೇಕು. ಹಳೇ ಬೋಲ್ಟನ್ನೇ ಹೊಸ ಚಕ್ರಕ್ಕೆ ಬಿಗಿದರೆ ಸಣ್ಣ ಉಂಗುರದಷ್ಟು ಜಾಗದಲ್ಲಿ ಮಾತ್ರ ಕೂರುತ್ತೆ, ಓಡಿಸ್ತಾ ಓಡಿಸ್ತಾ ಸಡಿಲವಾಗುತ್ತೆ. ಹೊಸ ಬೋಲ್ಟು ಕೈಯಲ್ಲೇ ಕನಿಷ್ಠ ಏಳೂವರೆ ಸುತ್ತು ಒಳಗೆ ಹೋಗಬೇಕು. ಅತಿ ಉದ್ದವೂ ಅಪಾಯವೇ: ಹಿಂದೆ ಡ್ರಮ್ ಬ್ರೇಕ್ ಇರೋದರಿಂದ ಬೋಲ್ಟಿನ ತುದಿ ಒಳಗಿನ ಭಾಗಗಳಿಗೆ ತಾಗಬಹುದು. ಬಿಗಿದ ಮೇಲೆ, ಜಾಕಿ ಇಳಿಸೋ ಮುಂಚೆ, ಹ್ಯಾಂಡ್‌ಬ್ರೇಕ್ ಬಿಟ್ಟು ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ ಸದ್ದು ಕೇಳಿ. ಹಾಗೆ ಮಾಡುವಾಗ ಕಾರು ಉರುಳದಂತೆ ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟಿರಬೇಕು. ಏರ್ ಗನ್ನಿನಲ್ಲಿ ಬಡಿದು ಕೈ ತೊಳೆದುಕೊಳ್ಳೋದು ಬೇಡ. ಟಾರ್ಕ್ ರೆಂಚ್‌ನಲ್ಲಿ 120 ನ್ಯೂಟನ್ ಮೀಟರ್, ಎದುರುಬದುರು ಬೋಲ್ಟುಗಳ ಕ್ರಮದಲ್ಲಿ. 50ರಿಂದ 100 ಕಿಮೀ ಓಡಿಸಿ ಮತ್ತೆ ಪರೀಕ್ಷಿಸಬೇಕು. ಮೈಸೂರಿಂದ ಮಂಡ್ಯಕ್ಕೆ ಹೋಗಿಬಂದರೆ ಆ ದೂರ ಸರಿಹೋಗುತ್ತೆ.

ಟೈರು ತಗೊಳ್ಳುವಾಗ ಲೋಡ್ ಇಂಡೆಕ್ಸ್ ನೋಡದೆ ಇರಬೇಡಿ. ಮೂಲ ಟೈರಿನದು 91, ಅಂದರೆ ಒಂದೊಂದಕ್ಕೆ 615 ಕೆಜಿ. 225/45 ಆರ್17ರಲ್ಲಿ 91 ಸಿಗುತ್ತೆ, 94 ಎಕ್ಸ್‌ಎಲ್ (ಹೆಚ್ಚು ಭಾರ ಹೊರೋ ಬಗೆ) ಸಿಕ್ಕರೆ 670 ಕೆಜಿ. ಸ್ವಲ್ಪ ಅಗ್ಗಕ್ಕೆ ಬರೋ 215/45 ಆರ್17ರಲ್ಲಿ ಸಾಧಾರಣ ಟೈರಿನ ಇಂಡೆಕ್ಸ್ 87, ಬರೀ 545 ಕೆಜಿ. ಐದು ಜನ, ಡಿಕ್ಕಿ ತುಂಬ ಸಾಮಾನು ಹಾಕೋ ಕಾರಿಗೆ ಅದು ಬೇಡ.

ಎಲ್ಲ ಕೂರಿಸಿದ ಮೇಲೆ ನಿಜವಾದ ಪರೀಕ್ಷೆ. ಖಾಲಿ ಕಾರನ್ನು ಅಂಗಡಿ ಮುಂದೆ ಒಂದು ಸುತ್ತು ಹಾಕಿಸಿ "ನೋಡಿ ಸಾರ್, ಎಲ್ಲೂ ತಾಗಲ್ಲ" ಅನ್ನೋದು ಪರೀಕ್ಷೆಯಲ್ಲ. ಮಕ್ಕಳು ಆಡೋ ಕ್ಲೇಯನ್ನು ಬೆರಳು ದಪ್ಪಕ್ಕೆ ಉರುಟಿ, ಮುಂದಿನ ಲೈನರ್‌ನ ಹಿಂಭಾಗಕ್ಕೂ ಹಿಂದಿನ ಫೆಂಡರ್ ಅಂಚಿನ ಒಳಮೈಗೂ ಮೆತ್ತಿ. ಐದು ಜನ ಕೂತು ಚಾಮುಂಡಿ ಬೆಟ್ಟ ಹತ್ತಿ ಇಳಿಯಿರಿ. ಇಳಿಜಾರಿನ ತಿರುವುಗಳಲ್ಲಿ ಮುಂದಿನ ಸಸ್ಪೆನ್ಶನ್ ಮೇಲೆ ಭಾರ ಬೀಳುತ್ತೆ, ಹೊರಗಿನ ಚಕ್ರ ಒಳಕ್ಕೆ ಒತ್ತುತ್ತೆ. ಆಮೇಲೆ ಬಡಾವಣೆಯ ಎತ್ತರದ ಹಂಪನ್ನು ನಿಧಾನಕ್ಕೆ ಒಂದು ಸಲ, ಓರೆಯಾಗಿ ಇನ್ನೊಂದು ಸಲ ದಾಟಿ. ಕೊನೆಗೆ ಎರಡೂ ಕಡೆ ಫುಲ್ ಕಟ್ ಮಾಡಿ ಮುಂದಕ್ಕೂ ಹಿಂದಕ್ಕೂ ತೆವಳಿಸಿ. ಬಂದು ಕ್ಲೇ ನೋಡಿ. ಟೈರಿನ ಗುರುತು ಮೂಡಿದ್ದರೆ ಅಲ್ಲಿ ಉಳಿದ ದಪ್ಪವೇ ನಿಮಗಿರೋ ಜಾಗ. ಗುರುತೇ ಇಲ್ಲದಿದ್ದರೆ ನಿಶ್ಚಿಂತೆ.

ಉಜ್ಜಿದರೆ ಎಲ್ಲಿ ಅನ್ನೋದನ್ನು ಸದ್ದೇ ಹೇಳುತ್ತೆ. ಫುಲ್ ಕಟ್‌ನಲ್ಲಿ ಮಾತ್ರ ಬರೋ ಸದ್ದು ಲೈನರ್‌ನದು. ಪ್ಲಾಸ್ಟಿಕ್‌ನ ಒಂದು ಸ್ಕ್ರೂ ಹಿಂದಕ್ಕೆ ಎಳೆದು ಕೂರಿಸಿದರೋ ಹೀಟ್ ಗನ್ನಿನಲ್ಲಿ ಸ್ವಲ್ಪ ಒತ್ತಿದರೋ ಹೋಗುತ್ತೆ. ಹಿಂದೆ ಜನ ಕೂತಾಗ ಹಂಪಿನಲ್ಲಿ "ಗರ್ರ್" ಅಂದರೆ ಫೆಂಡರ್ ತುಟಿಗೆ ಟೈರಿನ ಭುಜ ತಾಗುತ್ತಿದೆ. ಫೆಂಡರ್ ಅಂಚನ್ನು ಮಡಿಸಿಕೊಡ್ತೀವಿ ಅಂತ ಹೇಳೋರಿದ್ದಾರೆ. ಬಣ್ಣ ಬಿರಿದು, ಮಳೆಗಾಲ ಕಳೆಯೋದರೊಳಗೆ ತುಕ್ಕು ಹಿಡಿಯುತ್ತೆ. ಅದಕ್ಕಿಂತ ಆಫ್‌ಸೆಟ್ ಸರಿಯಿರೋ ಚಕ್ರವೇ ಮದ್ದು. ಎಲ್ಲಕ್ಕಿಂತ ಕೆಟ್ಟದ್ದು ಸದ್ದೇ ಇಲ್ಲದ್ದು: ಒಳಗಡೆ ಸೈಡ್‌ವಾಲ್ ಮೇಲೆ ಸುತ್ತಲೂ ಹೊಳೆಯೋ ಒಂದು ಗೆರೆ. ಟೈರು ಸ್ಟ್ರಟ್‌ಗೆ ತಿಕ್ಕಿ ಸವೆಯುತ್ತಿರುತ್ತೆ, ಯಾವಾಗ ಬೇಕಾದರೂ ಒಡೆಯಬಹುದು. ಆ ಗೆರೆ ಕಂಡರೆ ಕಾರನ್ನು ಅಲ್ಲೇ ನಿಲ್ಲಿಸಬೇಕು. ಇಂಥ ಕಡೆ 5 ಮಿಮೀ ಸ್ಪೇಸರ್ (ಹಬ್‌ಗೂ ಚಕ್ರಕ್ಕೂ ನಡುವೆ ಇಡೋ ತೆಳು ಬಿಲ್ಲೆ) ಉಪಯೋಗಕ್ಕೆ ಬರುತ್ತೆ, ಹೊರಗಡೆ ಅಷ್ಟು ಜಾಗ ಉಳಿದಿದ್ದರೆ ಮಾತ್ರ, ಬೋಲ್ಟೂ 5 ಮಿಮೀ ಉದ್ದದ್ದೇ ಹಾಕಿ.

ಓಡಿಸೋ ಅನುಭವದಲ್ಲಿ ಬದಲಾವಣೆ ಗೊತ್ತಾಗೋದು ತಿರುವಿನಲ್ಲೇ. ಸ್ಟೇರಿಂಗ್ ತಿರುಗಿಸಿದ ಕ್ಷಣಕ್ಕೆ ಮೂಗು ತಿರುಗುತ್ತೆ. ಬೆಲೆ ತೆರೋದು ಗುಂಡಿಗಳಲ್ಲಿ: ಸೈಡ್‌ವಾಲ್ 113 ಮಿಮೀಯಿಂದ 101ಕ್ಕೆ ಇಳಿಯುತ್ತೆ. ಕಬ್ಬು ಕಡಿಯೋ ಕಾಲದಲ್ಲಿ ಮಂಡ್ಯ ಕಡೆಯ ಒಳರಸ್ತೆಗಳಲ್ಲಿ ದಿನಾ ಓಡಾಡೋರು 18 ಇಂಚಿನ ಆಸೆ ಬಿಡಬೇಕು. 225/40 ಆರ್18ರಲ್ಲಿ ಸೈಡ್‌ವಾಲ್ ಬರೀ 90 ಮಿಮೀ, ರಿಮ್ ಬೆಂಡ್ ಆಗೋದು ಕಟ್ಟಿಟ್ಟ ಬುತ್ತಿ. ಕಾರನ್ನು ತಗ್ಗಿಸೋ ಲೋವರಿಂಗ್ ಸ್ಪ್ರಿಂಗ್ ಜತೆಗೆ ಈ ಸೆಟ್ ಹಾಕಿಸೋರಿಗೆ ಮೇಲಿನ ಯಾವ ಅಳತೆಯೂ ಅನ್ವಯಿಸಲ್ಲ, ಮೊದಲಿಂದ ಅಳೆಯಬೇಕು.

ಇನ್ನೆರಡು ಸಣ್ಣ ಕೆಲಸ. ಟೈರು ಗಾಳಿಯ ಎಚ್ಚರಿಕೆಯನ್ನು ಹೊಸ ಟೈರಿಗೆ ಮತ್ತೆ ಸೆಟ್ ಮಾಡಿಸಿ, ಬದಲಾವಣೆಯನ್ನು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ. ಹಾಗೇ ಸ್ಟೆಪ್ನಿ ಕಂಪನಿಯದೇ ಉಳಿದಿರೋದರಿಂದ ಅದಕ್ಕೆ ದುಂಡು ತಲೆಯ ಹಳೇ ಬೋಲ್ಟೇ ಬೇಕು. ಐದು ಬೋಲ್ಟನ್ನು ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿ, ಜಾಕಿ ಪಕ್ಕದಲ್ಲೇ ಇಟ್ಟಿರಿ.